ಕಳೆಯದೆ ಬಿಟ್ಟ ತೂಕ

ಕರಜಗಿಯ ಗುರುಲಿಂಗಮ್ಮನ ಸಿಟ್ಟನ್ನು ಊರು ಎರಡು ಬಗೆಯಾಗಿ ಕಂಡಿತ್ತು. ಎಮ್ಮೆ ಕಣ್ಣಿ ಹರಿದುಕೊಂಡು ಹಿತ್ತಲಿನ ಮೆಂತ್ಯದ ಮಡಿ ಮೇಯ್ದರೆ, ಆಳು ಹೊತ್ತೇರಿ ಬಂದರೆ, ಗಂಡ ಸಾಯಬಣ್ಣ ಹೊಲದ ಕೆಸರುಗಾಲಿನಲ್ಲೇ ಪಡಸಾಲೆ ತುಳಿದರೆ ಆಕೆಯ ದನಿ ಓಣಿ ದಾಟಿ ಕೇಳುತ್ತಿತ್ತು. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಅವಳ ಇನ್ನೊಂದು ಸಿಟ್ಟು ಬೇರೆ. ಅದು ಬಂದಾಗ ಆಕೆ ಬಾಯಿ ಮುಚ್ಚುತ್ತಿದ್ದಳು. ಸೆರಗು ಸೊಂಟಕ್ಕೆ ಬಿಗಿದು ಎದ್ದಳೆಂದರೆ, ಮಾಡುವುದನ್ನು ಮಾಡಿ ಮುಗಿಸುವ ತನಕ ಯಾರ ಮಾತಿಗೂ ತಿರುಗಿ ನೋಡುತ್ತಿರಲಿಲ್ಲ.

ಮಂದ್ರೂಪದಿಂದ ಸೊಸೆಯಾಗಿ ಬಂದಾಗ ಆಕೆ ಇನ್ನೂ ಹುಡುಗಿ. ಅತ್ತೆಯ ಮನೆಯಲ್ಲಿ ಜೋಳಕ್ಕೇನೂ ಕೊರತೆಯಿರಲಿಲ್ಲ. ನೆಲದೊಳಗಿನ ಹಗೇವು ತುಂಬಿ ಮೇಲೆ ಚೀಲಗಳಲ್ಲಿ ಉಳಿಯುತ್ತಿತ್ತು. ಆದರೆ ಊಟಕ್ಕೆ ಒಂದು ಸಾಲಿತ್ತು. ಮೊದಲು ಗಂಡಸರು, ಆಮೇಲೆ ಆಳುಗಳು, ಮಕ್ಕಳು, ಹಿರಿಯ ಹೆಂಗಸರು, ಕಟ್ಟಕಡೆಗೆ ಕಿರಿಯ ಸೊಸೆ. ಅಷ್ಟೊತ್ತಿಗೆ ಬುಟ್ಟಿಯಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಒಂದು ಬೇಸಿಗೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಒಲೆಯ ಮುಂದೆಯೇ ಎಚ್ಚರ ತಪ್ಪಿ ಬಿದ್ದಳು. ಮುಂಗೈ ಹಂಚಿಗೆ ತಾಗಿ ಸುಟ್ಟಿತು. ಬಿಸಿಲಿಗೆ ಹಾಗಾಗುತ್ತದೆ ಎಂದು ಅತ್ತೆ ನೀರು ಚಿಮುಕಿಸಿ ಎಬ್ಬಿಸಿದಳು. ಮರುದಿನ ಗುರುಲಿಂಗಮ್ಮ ಹಂಚಿನಿಂದ ಇಳಿಸಿದ ಮೊದಲ ರೊಟ್ಟಿಯನ್ನು ತಾನೇ ತೆಗೆದುಕೊಂಡು, ಶೇಂಗಾ ಚಟ್ನಿ, ಎಣ್ಣೆ ಹಾಕಿಕೊಂಡು, ಎಲ್ಲರೂ ನೋಡುತ್ತಿರುವಾಗಲೇ ಉಂಡಳು. ಉಂಡು ಕೈ ತೊಳೆದು ಉಳಿದವರಿಗೆ ಬಡಿಯಲು ಕೂತಳು. ಮನೆಯಲ್ಲಿ ಬಹಳ ದಿನ ರಂಪವಾಯಿತು. ಸಾಯಬಣ್ಣ ಮಾತು ಕಡಿಮೆಯ ಮನುಷ್ಯ. ಹೆಂಡತಿಯ ಸುಟ್ಟ ಕೈ ನೋಡಿದ್ದ. ತಾಯಿಯ ದೂರನ್ನು ಕೇಳಿಸಿಕೊಂಡು ಸುಮ್ಮನೆ ಹೊಲಕ್ಕೆ ಹೋದ. ಅಂದಿನಿಂದ ಆಕೆ ಹಸಿದಾಗ ಉಂಡಳು. ಮನೆಯ ಹಿರಿಯಳಾದ ಮೇಲೆ ಹಸಿದವರೆಲ್ಲ ಹಸಿದ ಹೊತ್ತಿಗೇ ಉಣ್ಣಬೇಕೆಂದಳು.

ಇಂಥವಳಿಗೆ ಒಬ್ಬಳೇ ಮಗಳು, ಕಸ್ತೂರಬಾಯಿ. ಎಲ್ಲರ ಬಾಯಲ್ಲಿ ಕಸ್ತೂರಿ. ಗುಂಡು ಕೆನ್ನೆಯ, ಗಟ್ಟಿ ತೋಳಿನ ಹುಡುಗಿ. ಸೊಲ್ಲಾಪುರದ ಅಡತಿ ವ್ಯಾಪಾರಿ ಸಾತಲಿಂಗಪ್ಪ ಪ್ರತಿ ಸುಗ್ಗಿಗೆ ಕರಜಗಿಗೆ ಬಂದು ಶೇಂಗಾ ಖರೀದಿ ಹಿಡಿಯುತ್ತಿದ್ದವರು. ಸಾಯಬಣ್ಣನ ಪಡಸಾಲೆಯಲ್ಲಿ ಕೂತು ಹುಡುಗಿಯನ್ನು ನೋಡಿ, ತಮ್ಮ ಒಬ್ಬನೇ ಮಗ ಅಮೃತಪ್ಪನಿಗೆ ಕೇಳಿದರು. ದೊಡ್ಡ ಮನೆ, ಪೇಟೆಯ ಮನೆ. ಅಕ್ಕಲಕೋಟ ಸಂಸ್ಥಾನದ ಹಳ್ಳಿಯ ಹುಡುಗಿಯನ್ನು ಅಷ್ಟು ದೊಡ್ಡವರು ತಾವಾಗಿ ಕೇಳಿದ್ದೇ ಊರಿಗೆಲ್ಲ ಹೆಮ್ಮೆಯಾಗಿತ್ತು. ಮದುವೆಯಾಗಿ ಎರಡು ವರ್ಷ ತವರಿನಲ್ಲಿದ್ದು, ಸೊಲ್ಲಾಪುರದಲ್ಲಿ ಬ್ರಿಟಿಷರ ಸೈನ್ಯದ ಮಾರ್ಶಲ್ ಲಾ ಮುಗಿದು ಪೇಟೆಯ ಬಾಗಿಲು ತೆರೆದ 1930ರ ಮಳೆಗಾಲದಲ್ಲಿ ಕಸ್ತೂರಿ ಗಂಡನ ಮನೆಗೆ ನಡೆದಳು. ಗಾಡಿ ಹತ್ತಿಸುವಾಗ ಗುರುಲಿಂಗಮ್ಮ ಮಗಳ ಕಿವಿಯಲ್ಲಿ ಎಲ್ಲ ತಾಯಂದಿರೂ ಹೇಳುವ ಮಾತನ್ನೇ ಹೇಳಿದಳು. ಅತ್ತೆ ಮನೆಯಲ್ಲಿ ಬಾಯಿ ತೆಗೆಯಬೇಡ, ಕೊಟ್ಟಿದ್ದು ಉಣ್ಣು, ನಮ್ಮ ಹೆಸರು ಉಳಿಸು ಅಂದಳು.

ಸಾತಲಿಂಗಪ್ಪನವರ ಮನೆ ಅಂಗಡಿಯ ಬೆನ್ನಿಗೇ ಇತ್ತು. ಮುಂದೆ ಮಾಲು, ಹಿಂದೆ ಸಂಸಾರ. ಮಾಲು ತಂದ ರೈತರು, ಗುಮಾಸ್ತರು, ಬಂದು ಹೋಗುವ ನೆಂಟರು ಎಲ್ಲರಿಗೂ ಆ ಮನೆಯಲ್ಲಿ ಊಟ. ಸಾತಲಿಂಗಪ್ಪನವರಿಗೆ ಅದೇ ದೊಡ್ಡ ಅಭಿಮಾನ. ತಮ್ಮ ಅಂಗಡಿಗೆ ಬಂದವರು ಹಸಿದು ಹೋದದ್ದಿಲ್ಲ ಎನ್ನುತ್ತಿದ್ದರು. ಒಳಗೆ ಅವರ ಹೆಂಡತಿ ಸೋನಾಬಾಯಿ ಮತ್ತು ಸೊಸೆ ಪಂಕ್ತಿಯ ಮೇಲೆ ಪಂಕ್ತಿ ಬಡಿಸಿ, ಮಧ್ಯಾಹ್ನ ಇಳಿದ ಮೇಲೆ ಉಳಿದಿದ್ದನ್ನು ಹಂಚಿಕೊಳ್ಳುತ್ತಿದ್ದರು. ಸೋನಾಬಾಯಿ ಕಡ್ಡಿಯಂಥ ಹೆಂಗಸು. ಹಾಗೆ ಉಂಡೇ ಆಯುಷ್ಯ ಕಳೆದಿದ್ದಳು. ಬೇಡ ಅಂದವಳಿಗೆ ಒತ್ತಾಯ ಮಾಡುವ ಅಭ್ಯಾಸ ಆಕೆಗಿರಲಿಲ್ಲ. ಕೇಳಿ ಹಾಕಿಸಿಕೊಳ್ಳುವ ಅಭ್ಯಾಸ ಕಸ್ತೂರಿಗೆ ತವರಿನಲ್ಲಿ ಬೇಕಾಗಿರಲಿಲ್ಲ, ಇಲ್ಲಿ ಧೈರ್ಯವಾಗಲಿಲ್ಲ.

ಆ ಮನೆಯಲ್ಲಿ ದೀಪಾವಳಿ ಪಾಡ್ಯಕ್ಕೆ ತಕ್ಕಡಿಯ ಪೂಜೆ. ಅಂಗಡಿಯ ತೊಲೆಗೆ ಸರಪಳಿಯಿಂದ ಇಳಿಬಿಟ್ಟ ದೊಡ್ಡ ತಕ್ಕಡಿ. ಒಂದೊಂದು ಹಲಗೆಯ ಮೇಲೂ ತುಂಬಿದ ಚೀಲ ಕೂರುವಷ್ಟು ಜಾಗ. ಪೂಜೆಯಾದ ಮೇಲೆ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಹಲಗೆಯ ಮೇಲೆ ಕೂರಿಸಿ ತೂಗುವುದು ಸಾತಲಿಂಗಪ್ಪನವರ ಖುಷಿ. ಆ ವರ್ಷ ಹೊಸ ಸೊಸೆಯನ್ನೂ ತೂಗಿದರು. ನಲವತ್ತು ಸೇರಿನ ಮಣದ ಲೆಕ್ಕದಲ್ಲಿ ಒಂದು ಮಣ ಹತ್ತು ಸೇರು. ಮನೆಗೆ ಲಕ್ಷ್ಮಿ ತೂಕವಾಗಿ ಬಂದಿದ್ದಾಳೆ ಎಂದು ನಕ್ಕರು. ತೂಕಗಳನ್ನು ಅವರು ಎಲ್ಲೂ ಬರೆದಿಡುತ್ತಿರಲಿಲ್ಲ. ಒಮ್ಮೆ ತೂಗಿದ್ದು ಅವರ ತಲೆಯಲ್ಲಿ ಕೂತುಬಿಡುತ್ತಿತ್ತು.

ಪಾಡ್ಯ ಕಳೆದ ಸ್ವಲ್ಪ ದಿನಕ್ಕೆ ಕಸ್ತೂರಿ ಬಸುರಿಯಾದಳು. ಬೆಳಗ್ಗೆ ತಿಂದದ್ದು ನಿಲ್ಲುತ್ತಿರಲಿಲ್ಲ. ಅಂಗಡಿಯಲ್ಲಿ ಹಳೆಯ ಬೆಲ್ಲ ಬಿಸಿಲಿಗೆ ಕರಗಿ ಹುಳಿಯುವ ವಾಸನೆ ಅಡಿಗೆಮನೆಯವರೆಗೂ ಬಂದರೆ ಅವಳು ಹಿತ್ತಲಿಗೆ ಓಡುತ್ತಿದ್ದಳು. ಮಧ್ಯಾಹ್ನ ಉಣ್ಣಬೇಕೆನಿಸುವ ಹೊತ್ತಿಗೆ ಇನ್ನೊಂದು ಪಂಕ್ತಿ ಕೂತಿರುತ್ತಿತ್ತು. ಅವಳ ಸರದಿ ಬರುವ ಹೊತ್ತಿಗೆ ಹಸಿವೆ ಸತ್ತು ಹೋಗಿರುತ್ತಿತ್ತು. ಅಮೃತಪ್ಪ ಒಳ್ಳೆಯ ಸ್ವಭಾವದವನೇ. ಆದರೆ ತಂದೆಯ ಎದುರು ಕಣ್ಣೆತ್ತುತ್ತಿರಲಿಲ್ಲ. ಹೆಂಡತಿ ಯಾವಾಗ ಉಣ್ಣುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ.

1931ರ ಬೇಸಿಗೆಯಲ್ಲಿ ಏಳು ತಿಂಗಳು ತುಂಬಿದಾಗ ಬಸುರಿಗೆ ಹೊಸ ರವಿಕೆ ತೊಡಿಸುವ ಕುಬಸದ ಶಾಸ್ತ್ರ ಮಾಡಲು ಗುರುಲಿಂಗಮ್ಮ, ಸಾಯಬಣ್ಣ ಸೊಲ್ಲಾಪುರಕ್ಕೆ ಬಂದರು. ಗಾಡಿಯಲ್ಲಿ ಅಕ್ಕಲಕೋಟಕ್ಕೆ ಬಂದು ಹಸಿರು ಇಳಕಲ್ ಸೀರೆ ಕೊಂಡು, ಕಸ್ತೂರಿಯ ಹಳೆಯ ಕುಬಸದ ಅಳತೆ ಕೊಟ್ಟು ಹೊಸದನ್ನು ಹೊಲಿಸಿದ್ದರು. ಬಸುರಿಯ ಮೈ ತುಂಬಿರುತ್ತದೆಂದು ಗುರುಲಿಂಗಮ್ಮ ತೋಳಿಗೆ ಬೆರಳಗಲ ಹೆಚ್ಚು ಬಿಡಿಸಿದ್ದಳು. ಒಳಕೋಣೆಯಲ್ಲಿ ಮಗಳಿಗೆ ಅದನ್ನು ತಾನೇ ತೊಡಿಸಿದಳು. ಹುಕ್ಕು ಹಾಕಿದರೂ ಬಟ್ಟೆ ಬೆನ್ನಿಗೆ ಹತ್ತಲಿಲ್ಲ. ತೋಳು ಚೀಲದ ಬಾಯಿಯಂತೆ ಜೋತುಬಿತ್ತು. ಕುತ್ತಿಗೆಯ ಬುಡದಲ್ಲಿ ಎಲುಬು ಎದ್ದು ನಡುವೆ ಹಳ್ಳ ಬಿದ್ದಿತ್ತು. ಕೈ ಎತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಮುಂದೆ ಹೊಟ್ಟೆ ಮಾತ್ರ ದುಂಡಗಿತ್ತು. ಯಾರದ್ದೋ ಹೊಟ್ಟೆಯನ್ನು ಈ ಹುಡುಗಿಗೆ ಕಟ್ಟಿದಂತೆ.

ಊಟ ಮಾಡುತ್ತೀಯೋ ಇಲ್ಲವೋ ಎಂದು ತಾಯಿ ಕೇಳಿದಳು. ಮಾಡುತ್ತೇನೆ ಅವ್ವ ಎಂದು ಮಗಳು ನೆಲ ನೋಡಿದಳು.

ಹೊರಗೆ ಓಣಿಯ ಹೆಂಗಸರು ಆರತಿ ಹಿಡಿದು ಕಾಯುತ್ತಿದ್ದರು. ಗುರುಲಿಂಗಮ್ಮ ಶಾಸ್ತ್ರ ಮುಗಿಯುವ ತನಕ ಒಂದು ಮಾತಾಡಲಿಲ್ಲ. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದನ್ನು ಕಂಡ ಸಾಯಬಣ್ಣ ಮಾತ್ರ ತಂದ ಗಂಟನ್ನು ಮತ್ತೆ ಕಟ್ಟತೊಡಗಿದ.

ಹೆಂಗಸರು ಹೋದ ಮೇಲೆ ಆಕೆ ಬೀಗರ ಮುಂದೆ ನಿಂತು, ಮಗಳನ್ನು ಇವತ್ತೇ ಕರೆದುಕೊಂಡು ಹೋಗುತ್ತೇವೆ ಎಂದಳು. ಸಾತಲಿಂಗಪ್ಪನವರು ಸಮಾಧಾನದಿಂದಲೇ ಒಪ್ಪಲಿಲ್ಲ. ಹೆರಿಗೆ ಇಲ್ಲಿಯೇ ಆಗಲಿ, ಊರಲ್ಲಿ ಲೇಡಿ ಡಾಕ್ಟರರಿದ್ದಾರೆ, ಕರಜಗಿಯಲ್ಲಿ ಏನಿದೆ ಎಂದರು. ಅದು ತಪ್ಪು ಮಾತೇನೂ ಆಗಿರಲಿಲ್ಲ. ಹುಡುಗಿ ಸೊರಗಿದ್ದಾಳೆ ಎಂದಳು ಗುರುಲಿಂಗಮ್ಮ. ಬಸುರಿಯ ಮುಖ ಇಳಿಯುತ್ತದೆ, ಎಲ್ಲರಿಗೂ ಆಗುವುದೇ ಎಂದಳು ಸೋನಾಬಾಯಿ. ಮುಖವಲ್ಲ, ಮೈಯೇ ಹೋಗಿದೆ, ಈ ಮನೆಯಲ್ಲಿ ಆಕೆಗೆ ಊಟ ಸಿಗುತ್ತಿಲ್ಲ ಎಂದುಬಿಟ್ಟಳು ಗುರುಲಿಂಗಮ್ಮ.

ಅದು ಸಾತಲಿಂಗಪ್ಪನವರಿಗೆ ನಾಟಿತು. ಎದ್ದು ನಿಂತರು.

“ನಮ್ಮ ಮನ್ಯಾಗ ಅನ್ನಕ್ಕ ಕಡಿಮಿ ಅದ ಅಂತೀರೇನ್ರಿ? ಬರ್ರಿ, ತೂಗೇ ನೋಡೂಣು.”

ಸೊಸೆಯನ್ನು ಅಂಗಡಿಗೆ ಕರೆಸಿದರು. ಹಮಾಲರು ಶೇಂಗಾ ಚೀಲ ಇಳಿಸಿ ಬದಿಗೆ ಸರಿದರು. ಗುಮಾಸ್ತರು ಕತ್ತೆತ್ತಿ ನೋಡಿದರು. ಹಸಿರು ಸೀರೆ, ಮುಡಿಯ ತುಂಬ ಹೂವು, ಹಣೆಯಲ್ಲಿ ಆರತಿಯ ಕುಂಕುಮ ಇನ್ನೂ ಹಸಿಯಾಗಿದ್ದ ಹುಡುಗಿ ಅಷ್ಟು ಗಂಡಸರ ನಡುವೆ ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದರಿಂದ ಸರಪಳಿ ಹಿಡಿದು ಹಲಗೆಯ ಮೇಲೆ ಕೂತಳು. ಎದುರು ಹಲಗೆಗೆ ಕಬ್ಬಿಣದ ತೂಕದ ಕಲ್ಲುಗಳನ್ನು ಎತ್ತಿಡಲು ತಂದೆ ಮಗನಿಗೆ ಹೇಳಿದರು. ಅಮೃತಪ್ಪ ತಲೆ ತಗ್ಗಿಸಿಕೊಂಡು ಒಂದೊಂದಾಗಿ ಇಟ್ಟ. ಒಂದು ಮಣ. ಮೇಲೆ ಹತ್ತು ಸೇರು. ತಕ್ಕಡಿ ಎರಡು ಸಲ ತೂಗಾಡಿ ನಿಂತಿತು. ಮುಳ್ಳು ನೆಟ್ಟಗಿತ್ತು.

ಪಾಡ್ಯದ ದಿನ ಇದ್ದದ್ದೂ ಇಷ್ಟೇ, ಪಾವಸೇರಿನಷ್ಟೂ ಕಡಿಮೆಯಾಗಿಲ್ಲ ಎಂದು ಸಾತಲಿಂಗಪ್ಪನವರು ಎಲ್ಲರಿಗೂ ಕೇಳುವಂತೆ ಹೇಳಿದರು. ಗುಮಾಸ್ತರು ಹೌದು ಹೌದೆಂದು ತಲೆಯಾಡಿಸಿದರು. ತಾಯಿಯ ಕಣ್ಣು, ಮಗಳು ಹೇಗಿದ್ದರೂ ಸೊರಗಿದಂತೆಯೇ ಕಾಣುತ್ತದೆ ಎಂದು ಯಾರೋ ಮರಾಠಿಯಲ್ಲಿ ಅಂದರು, ಸಣ್ಣಗೆ ನಗೆ ಹರಿಯಿತು.

ಗುರುಲಿಂಗಮ್ಮ ತನ್ನ ಕೈಯಾರೆ ಮುಟ್ಟಿ ನೋಡಿದ ಎಲುಬುಗಳಿದ್ದವು, ಎದುರಿಗೆ ನೆಟ್ಟಗೆ ನಿಂತ ಮುಳ್ಳಿತ್ತು. ಎರಡರಲ್ಲಿ ಒಂದು ಸುಳ್ಳಾಗಬೇಕು. ಹಲಗೆಯಿಂದ ಇಳಿದ ಮಗಳ ಮುಖ ನೋಡಲಾಗದೆ ಆಕೆ ಗಂಟು ಎತ್ತಿಕೊಂಡು ಹೊರಬಿದ್ದಳು.

ಸ್ಟೇಶನ್ನಿನಲ್ಲಿ ಇಬ್ಬರೂ ಬೇವಿನ ಮರದ ನೆರಳಿಗೆ ಕೂತರು. ಬಿಸಿಲು ಉರಿಯುತ್ತಿತ್ತು. ಆಕೆಯ ಸಿಟ್ಟು ಈಗ ಯಾರ ಮೇಲೆಂದು ಆಕೆಗೇ ತಿಳಿಯದಂತಾಗಿತ್ತು. ಬೀಗರ ಮೇಲೆ, ನಕ್ಕವನ ಮೇಲೆ, ಕಲ್ಲು ಎತ್ತಿಟ್ಟ ಅಳಿಯನ ಮೇಲೆ, ಬಾಯಿ ಕಟ್ಟಿದಂತೆ ನಿಂತ ತನ್ನ ಮೇಲೆ. ತಾನು ಕಂಡದ್ದೇ ಸುಳ್ಳಿರಬಹುದೇ ಎಂಬ ಸಂಶಯ ಬೇರೆ. ಸಾಯಬಣ್ಣ ನೀರು ತಂದುಕೊಟ್ಟ. ತೂಕ ಅಷ್ಟೇ ಇದೆ ಅಂದಮೇಲೆ ಏನು ಮಾಡಲು ಬರುತ್ತದೆ, ಒಂದು ತಿಂಗಳು ಬಿಟ್ಟು ಬರೋಣ ಎಂದ.

ನೀರಿನ ತಂಬಿಗೆ ಆಕೆಯ ಬಾಯಿಯ ಹತ್ತಿರವೇ ನಿಂತಿತು. ತಾನು ಕಸ್ತೂರಿಯನ್ನು ಹೊತ್ತಿದ್ದಾಗ ಏಳನೆಯ ತಿಂಗಳಿಗೆ ಹೊಲದ ಬದು ಹತ್ತಲಾಗದೆ ಏದುಸಿರು ಬಿಟ್ಟದ್ದು, ಕಾಲುಂಗುರ ಕೊರೆಯತೊಡಗಿ ತೆಗೆಸಿದ್ದು ಆಕೆಗೆ ನೆನಪಾಯಿತು.

“ಅಷ್ಟೇ ಹ್ಯಾಂಗ ಇರ್ತದರಿ? ಹೆಚ್ಚಬೇಕಾಗಿತ್ತಲ್ಲ,” ಅಂದಳು.

ಸಾಯಬಣ್ಣನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ರೈಲು ಬರುವ ಹೊತ್ತಾಗಿತ್ತು. ನಾಳೆ ಬಂದು ಹೇಳೋಣ, ಇವತ್ತು ಅವರು ಸಿಟ್ಟಿನಲ್ಲಿದ್ದಾರೆ ಎಂದ ಅವನು. ನಾನೂ ಸಿಟ್ಟಿನಲ್ಲಿದ್ದೇನೆ ಎಂದು ಆಕೆ ಎದ್ದಳು. ಹೊರಗೆ ನಿಂತಿದ್ದ ಟಾಂಗಾ ಹತ್ತಿ, ಗಂಡ ಹತ್ತಿದನೋ ಇಲ್ಲವೋ ನೋಡದೆ, ಪೇಟೆಗೆ ಹೊಡೆ ಅಂದಳು. ಅವನು ಓಡಿಬಂದು ಹಿಂದೆ ಜೋತುಬಿದ್ದ.

ಅಂಗಡಿಯಲ್ಲಿ ಆಗ ವಳಸಂಗದ ಇಬ್ಬರು ರೈತರ ಮಾಲು ತೂಗುತ್ತಿತ್ತು. ಸಾತಲಿಂಗಪ್ಪನವರು ಗಾದಿಯ ಮೇಲಿದ್ದರು. ಹೆಂಗಸರು ಹಿತ್ತಲ ಬಾಗಿಲಿನಿಂದ ಬರುವ ಮನೆ ಅದು. ಗುರುಲಿಂಗಮ್ಮ ಅಂಗಡಿಯ ಮೆಟ್ಟಿಲನ್ನೇ ಹತ್ತಿ ತಕ್ಕಡಿಯ ಪಕ್ಕ ಬಂದು ನಿಂತಳು. ದನಿ ಏರಿಸಲಿಲ್ಲ.

“ಹ್ವಾದ ಸುಗ್ಗ್ಯಾಗ ನಮ್ಮ ಮನಿ ಮುಂದ ನಮ್ಮ ಶೇಂಗಾ ತೂಗಿದ್ರಿ. ಚೀಲದ ತೂಕ ಅಂತ ಕಳದ್ರಿ. ಮಣ್ಣು ಅದ ಅಂತ ಕಳದ್ರಿ. ಹಸಿ ಅದ ಅಂತ ಮತ್ತಷ್ಟು ಕಳದ್ರಿ. ನಾವು ಹೂಂ ಅಂದಿವಿ. ನನ್ನ ಮಗಳ ಹೊಟ್ಟ್ಯಾಗ ಏಳು ತಿಂಗಳ ಕೂಸು ಅದ, ಅದರ ನೀರು ಅದ. ಅದನ್ನ ಯಾಕ ಕಳೀಲಿಲ್ರಿ?”

ಚೀಲದ ಬಾಯಿ ಹಿಡಿದಿದ್ದ ಹಮಾಲ ಹಾಗೆಯೇ ನಿಂತ.

“ನಿಮ್ಮ ತಕ್ಕಡಿ ಖರೇನ ಹೇಳ್ಯದ,” ಅಂದಳು ಮತ್ತೆ. “ಕೂಸು ಎಷ್ಟು ಬೆಳದದ, ನನ್ನ ಮಗಳು ಅಷ್ಟು ಕರಗ್ಯಾಳ. ಕರಗಿ ಕರಗಿ ಅದಕ್ಕ ಉಣಸ್ಯಾಳ. ಈ ಮನ್ಯಾಗಿಂದು ಅಕಿಗಿ ಸಿಕ್ಕಿದ್ದಿಲ್ಲ.”

ವಳಸಂಗದ ರೈತರಲ್ಲಿ ಒಬ್ಬ ಕೆಮ್ಮಿದ. ಚೀಲ, ಮಣ್ಣು, ಹಸಿ ಎಂದು ಆಗತಾನೆ ಅವನ ಮಾಲಿನಲ್ಲೂ ಕಳೆದಿದ್ದರು. ಸಾತಲಿಂಗಪ್ಪನವರ ಕಿವಿ ಕೆಂಪಾದವು. ಸೊಸೆಯ ಹಸಿವು, ರೈತರ ಮಾಲಿನ ಕಡಿತ, ಎರಡು ತಪ್ಪನ್ನೂ ಒಂದೇ ಉಸಿರಿನಲ್ಲಿ ಎತ್ತಿ ಆಡಿದ್ದಳು, ಅದೂ ತಮ್ಮ ಅಂಗಡಿಯಲ್ಲಿ, ಗಿರಾಕಿಗಳ ಎದುರು. ಲೆಕ್ಕ ಅವರಿಗೆ ತಿಳಿದುಹೋಗಿತ್ತು. ಬದುಕೆಲ್ಲ ಕಳೆದು ಕೂಡಿದ ಮನುಷ್ಯ. ಅದಕ್ಕೇ ಇನ್ನೂ ಉರಿಯಿತು.

“ಕರಕೊಂಡು ಹೋಗ್ರಿ,” ಅಂದರು. “ಮತ್ತ ಕಳಸಾಕ ಮಾತ್ರ ಬರಬ್ಯಾಡ್ರಿ.”

ಅಷ್ಟರಲ್ಲಿ ಒಳಬಾಗಿಲಿನಲ್ಲಿ ಸೋನಾಬಾಯಿ ಬಂದು ನಿಂತಿದ್ದಳು. ಹಿಂದೆ ಕಸ್ತೂರಿ. ಸೋನಾಬಾಯಿ ಸೊಸೆಯ ಬಟ್ಟೆಯ ಗಂಟನ್ನು ಕೆಳಗಿಟ್ಟು ಗುರುಲಿಂಗಮ್ಮನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

“ಕರಕೊಂಡು ಹೋಗ್ರಿ ಅಕ್ಕಾರ. ನನ್ನವು ಎರಡು ಕೂಸು ಉಳೀಲಿಲ್ಲ. ಆಗ ನನ್ನ ಮೈನೂ ಹಿಂಗ ಆಗಿತ್ತು.”

ಬೇರೆ ಯಾರಾದರೂ ಆ ಮಾತಿಗೆ ಕರಗುತ್ತಿದ್ದರು. ಗುರುಲಿಂಗಮ್ಮನ ಸಿಟ್ಟು ಇನ್ನೂ ಏರಿತು.

“ಎಲ್ಲಾ ಗೊತ್ತಿದ್ದೂ ಅಕಿಗಿ ಕಡೀಕ ಬಡಿಸಿದ್ರಿ?”

ಸೋನಾಬಾಯಿ ಗಂಟಿನ ಸಡಿಲಾದ ತುದಿಯನ್ನು ಬಿಗಿಯಾಗಿ ಕಟ್ಟಿ ಒಳಗೆ ಹೋದಳು.

ಕರಜಗಿಗೆ ಬಂದ ಮೇಲೆ ಗುರುಲಿಂಗಮ್ಮ ಮಗಳನ್ನು ತುಂಬಿಸುವುದನ್ನೇ ಕೆಲಸ ಮಾಡಿಕೊಂಡಳು. ಎಮ್ಮೆಯ ಹಾಲು ಮಾರುವುದನ್ನು ನಿಲ್ಲಿಸಿದಳು. ಬೆಣ್ಣೆ, ಎಳ್ಳು, ಸಜ್ಜೆಯ ರೊಟ್ಟಿ. ಆದರೆ ಬರಿದಾದ ಹೊಟ್ಟೆ ಒಮ್ಮೆಲೇ ಹಿಡಿಯಲಿಲ್ಲ. ಅರ್ಧ ರೊಟ್ಟಿಗೆ ಹುಡುಗಿ ಸಾಕೆನ್ನುತ್ತಿದ್ದಳು. ತಾಯಿಗೆ ತಾಳ್ಮೆಯಿರಲಿಲ್ಲ. ಒಂದು ದಿನ ತಟ್ಟೆ ಸರಿಸಿದ್ದಕ್ಕೆ ಸಿಡಿದುಬಿದ್ದಳು. ಅಷ್ಟು ದಿನ ಉಪವಾಸ ಬಿದ್ದು ಒಂದು ಮಾತು ಯಾಕೆ ಕೇಳಲಿಲ್ಲ, ಬಾಯಿ ಇರಲಿಲ್ಲವೇ ಎಂದು ಕೂಗಿದಳು.

ಕಸ್ತೂರಿ ಅಷ್ಟು ದಿನ ಯಾರ ಮೇಲೂ ದನಿಯೆತ್ತಿದವಳಲ್ಲ.

“ನೀನೇ ಕಟ್ಟಿ ಕಳಿಸಿದಿ ಅವ್ವ, ಬಾಯಿ. ಬಾಯಿ ತಗೀಬ್ಯಾಡ, ಕೊಟ್ಟಿದ್ದು ಉಣ್ಣು ಅಂತ ಗಾಡಿ ಹತ್ತಸುವಾಗ ಹೇಳಿದಾಕಿ ನೀನೇ.”

ಗುರುಲಿಂಗಮ್ಮ ಎದ್ದು ಹಿತ್ತಲಿಗೆ ಹೋದಳು. ಸಾಯಬಣ್ಣ ನೋಡಿದಾಗ ಆಕೆ ಒಣಗಿದ ಸೌದೆಯನ್ನು ಸೀಳುತ್ತಿದ್ದಳು. ಮಳೆಗಾಲಕ್ಕೆ ಬೇಕಾಗುವುದಕ್ಕಿಂತ ಹೆಚ್ಚು ಸೀಳಿ ರಾಶಿ ಹಾಕಿದಳು. ತಾನು ಒಲೆಯ ಮುಂದೆ ಬಿದ್ದು ಕಲಿತದ್ದನ್ನು ಮಗಳಿಗೆ ಹೇಳಿಕೊಡದೆ, ತನ್ನ ತಾಯಿ ತನಗೆ ಹೇಳಿದ್ದನ್ನೇ ಹೇಳಿ ಕಳಿಸಿದ್ದು ಆಕೆಯನ್ನು ಸುಡುತ್ತಿತ್ತು. ಈ ಸಿಟ್ಟಿಗೆ ಹೋಗಿ ನಿಲ್ಲಲು ಯಾವ ಅಂಗಡಿಯೂ ಇರಲಿಲ್ಲ. ಸಂಜೆಗೆ ಒಳಗೆ ಬಂದು ಮಗಳ ತಟ್ಟೆಯಲ್ಲಿ ಕಾಲು ರೊಟ್ಟಿ ಹಾಕಿ, ಬೇಕಾದಾಗ ಕೇಳು ಎಂದು ಮಾತ್ರ ಹೇಳಿದಳು. ಕಸ್ತೂರಿ ಆ ಇಡೀ ವಾರ ಏನೂ ಕೇಳಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಇನ್ನೊಂದು ಹಾಕು ಅಂದಳು.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಹೆರಿಗೆಯಾಯಿತು. ಹೆಣ್ಣುಕೂಸು, ತೀರ ಸಣ್ಣದು. ತಾಯಿಗೆ ರಕ್ತ ಹೆಚ್ಚು ಹೋಗಿ ಹಲವು ದಿನ ಹಾಸಿಗೆ ಬಿಡಲಾಗಲಿಲ್ಲ. ಸೂಲಗಿತ್ತಿ ಎರಡರಲ್ಲಿ ಒಂದು ಹೋಗುತ್ತದೆ ಎಂದು ಬಾಗಿಲ ಹೊರಗೆ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡು ಗುರುಲಿಂಗಮ್ಮ ಆಕೆಯನ್ನು ಹೊಸ್ತಿಲಿನಿಂದಾಚೆ ದಬ್ಬಿ, ಮತ್ತೆ ತಾನೇ ಹೋಗಿ ಕರೆತಂದಳು. ಎರಡೂ ಉಳಿದವು. ಕೂಸಿಗೆ ಲೀಲಾ ಎಂದು ಹೆಸರಿಟ್ಟರು. ಹೆರಿಗೆಯ ಸುದ್ದಿ ಹೇಳಿ ಸೊಲ್ಲಾಪುರಕ್ಕೆ ಸಕ್ಕರೆ ಕಳಿಸಲು ಗುರುಲಿಂಗಮ್ಮ ಒಪ್ಪಲಿಲ್ಲ. ಸಾಯಬಣ್ಣ ಹೆಂಡತಿಗೆ ಹೇಳದೆ ಮಠದ ಬಸಯ್ಯನ ಕೈಯಲ್ಲಿ ಕಳಿಸಿದ. ಸಕ್ಕರೆಯನ್ನು ಒಳಗೆ ಇಟ್ಟುಕೊಂಡರು, ತಿರುಗಿ ಮಾತು ಬರಲಿಲ್ಲ.

ಆ ಸುಗ್ಗಿಯಲ್ಲಿ ಸಾತಲಿಂಗಪ್ಪನವರ ಕಡೆಯವರು ಶೇಂಗಾ ಹಿಡಿಯಲು ಕರಜಗಿಗೆ ಬರಲಿಲ್ಲ. ಅಷ್ಟು ವರ್ಷ ಮನೆ ಬಾಗಿಲಿನಲ್ಲೇ ಮಾಲು ಕೊಟ್ಟು ರೂಢಿಯಾಗಿದ್ದ ಊರು ಈಗ ಗಾಡಿ ಕಟ್ಟಿಕೊಂಡು ಪೇಟೆಗೆ ಹೋಗಬೇಕಾಯಿತು. ಒಬ್ಬ ಹೆಂಗಸಿನ ಬಾಯಿಯಿಂದ ಊರಿಗೆ ತೊಂದರೆ ಎಂದು ಕಟ್ಟೆಯ ಮೇಲೆ ಮಾತಾಯಿತು. ನೀರಿಗೆ ಹೋದರೆ ಹೆಂಗಸರು ದಾರಿ ಬಿಟ್ಟು ಸರಿಯುತ್ತಿದ್ದರು. ಬದುವಿನ ನೆರೆಯವನಾದ ಗೊಲ್ಲಾಳಪ್ಪ ಹಿರಿತನ ವಹಿಸಿ ಮನೆಗೆ ಬಂದು, ಒಂದು ಸಲ ಸೊಲ್ಲಾಪುರಕ್ಕೆ ಹೋಗಿ ತಪ್ಪಾಯಿತು ಅಂದುಬಿಡು, ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂದ. ಯಾವ ತಪ್ಪೆಂದು ಗುರುಲಿಂಗಮ್ಮ ಕೇಳಿದಳು. ಗೊಲ್ಲಾಳಪ್ಪ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ. ತಪ್ಪು ಯಾವುದೆಂದು ನಿನಗೇ ಗೊತ್ತಿಲ್ಲದಿದ್ದರೆ ನಾನು ಹೋಗಿ ಏನು ಹೇಳಲಿ ಎಂದು ಆಕೆ ಮಜ್ಜಿಗೆ ಕೊಟ್ಟು ಕಳಿಸಿದಳು. ಅವನು ಮಜ್ಜಿಗೆ ಕುಡಿದು ಹೋದ, ಅಂದಿನಿಂದ ಆ ಮನೆಯವರ ಕೂಡ ಮಾತು ಬಿಟ್ಟ.

ದೀಪಾವಳಿ ಕಳೆದ ಮೇಲೆ ಅಮೃತಪ್ಪ ಬಂದ. ತಂದೆಗೆ ಹೇಳಿ ಬಂದಿರಲಿಲ್ಲ. ಅಕ್ಕಲಕೋಟಕ್ಕೆ ವಸೂಲಿಗೆಂದು ಹೊರಟವನು ಅಲ್ಲಿಂದ ಬಾಡಿಗೆ ಗಾಡಿ ಹಿಡಿದಿದ್ದ. ಗುರುಲಿಂಗಮ್ಮ ಅಳಿಯನಿಗೆ ಕಾಲಿಗೆ ನೀರು ಕೊಟ್ಟಳು, ಮಾತು ಕೊಡಲಿಲ್ಲ. ಅವನು ಕೂಸನ್ನು ಎತ್ತಿಕೊಂಡು ಬಹಳ ಹೊತ್ತು ಕೂತ. ಆಮೇಲೆ ಹೆಂಡತಿಗೆ ಹೊರಡು ಅಂದ. ಗುರುಲಿಂಗಮ್ಮ ಮಾತಾಡುವಳೆಂದು ಸಾಯಬಣ್ಣ ಹೆದರಿ ನೋಡಿದರೆ, ಆಕೆ ಜೋಳ ಕೇರುತ್ತ ತನ್ನ ಪಾಡಿಗೆ ಇದ್ದಳು. ಮಾತಾಡಿದವಳು ಕಸ್ತೂರಿ.

“ನನ್ನ ಎದುರಿನ ಹಲಗಿಗಿ ಕಲ್ಲು ಇಟ್ಟಿದ್ದು ನೀವು. ಮಾವನವರು ಹೇಳಿದ್ರು, ನೀವು ಇಟ್ರಿ. ಒಂದು ಸಲ ಕತ್ತ ಎತ್ತಿ ನನ್ನ ಮಾರಿ ನೋಡಿದ್ರ, ತೂಗೂದೇ ಬೇಕಾಗ್ತಿರಲಿಲ್ಲ.”

ಅಮೃತಪ್ಪ ತಪ್ಪಾಯಿತೆಂದ. ಅಷ್ಟರಿಂದ ಆಕೆಯ ಸಿಟ್ಟು ಇಳಿಯಲಿಲ್ಲ. ಆ ಒಲೆಯ ಮುಂದೆ ಮತ್ತೆ ಕಡೆಯವಳಾಗಿ ಕಾಯುವುದು ತನ್ನಿಂದಾಗದು, ಬೇರೆ ಒಲೆ ಹೂಡಿದ ದಿನ ಬನ್ನಿ, ಬರುತ್ತೇನೆ ಎಂದಳು. ತಂದೆ ಒಪ್ಪುವುದಿಲ್ಲ ಎಂದ ಅವನು. ಹಾಗಾದರೆ ಒಪ್ಪಿಸಿ ಬನ್ನಿ ಎಂದು ಕೂಸನ್ನು ಅವನ ತೊಡೆಯಿಂದ ಎತ್ತಿಕೊಂಡಳು. ಆ ರಾತ್ರಿಯ ಊಟಕ್ಕೂ ನಿಲ್ಲದೆ ಅವನು ಹೊರಟ. ಗಾಡಿ ಮರೆಯಾದ ಮೇಲೆ ಕಸ್ತೂರಿ ಗೋಡೆಗೆ ಮುಖ ಮಾಡಿ ಅತ್ತಳು. ಗುರುಲಿಂಗಮ್ಮ ಸಮಾಧಾನ ಮಾಡಲಿಲ್ಲ. ಅಳುವವಳ ಪಕ್ಕ ಗಟ್ಟಿಯಾಗಿ ಕೂತುಕೊಂಡಳು, ಅಷ್ಟೇ.

ಒಂದು ವರ್ಷ ಹಾಗೆಯೇ ಹೋಯಿತು. ಮಗನಿಗೆ ಬೇರೆ ಹೆಣ್ಣು ನೋಡುವ ಮಾತೂ ಆ ಮನೆಯಲ್ಲಿ ಎದ್ದಿತಂತೆ. ಅದಕ್ಕೆ ಅಡ್ಡ ನಿಂತವಳು ಸೋನಾಬಾಯಿ ಎಂದು ಆಮೇಲೆ ತಿಳಿಯಿತು. ಇನ್ನೊಬ್ಬರ ಮಗಳನ್ನು ಈ ಮನೆಗೆ ತರುವುದಾದರೆ ತಾನು ಅಡಿಗೆಮನೆಗೆ ಕಾಲಿಡುವುದಿಲ್ಲ ಎಂದಳಂತೆ. ಆಕೆ ಹಾಗೆ ಮಾತಾಡಿದ್ದು ಅದೇ ಮೊದಲಾದ್ದರಿಂದ ಸಾತಲಿಂಗಪ್ಪನವರು ಆ ವಿಚಾರವನ್ನು ಅಲ್ಲಿಗೇ ಬಿಟ್ಟರು. ಕಡೆಗೆ ಅದೇ ಮನೆಯ ಮಾಳಿಗೆಯ ಮೇಲೆ ಅಮೃತಪ್ಪ ಎರಡು ಕೋಣೆ ಬೇರೆ ಮಾಡಿ, ತಾನೇ ಮಣ್ಣು ತರಿಸಿ ಒಲೆ ಹೂಡಿಸಿ, ಬಂದು ಹೆಂಡತಿ, ಮಗಳನ್ನು ಕರೆದುಕೊಂಡು ಹೋದ. ಈ ಸಲ ಗಾಡಿ ಹತ್ತಿಸುವಾಗ ಗುರುಲಿಂಗಮ್ಮ ಮಗಳ ಕಿವಿಯಲ್ಲಿ ಏನೂ ಹೇಳಲಿಲ್ಲ. ಜೋಳದ ಒಂದು ಚೀಲ ಮಾತ್ರ ಗಾಡಿಗೆ ಹೇರಿಸಿದಳು; ಅದನ್ನು ತೂಗಿಸಬೇಡ ಎಂದು ಅಳಿಯನಿಗೆ ಹೇಳಿದಳು.

ಮುಂದೆ ಕಸ್ತೂರಿಗೆ ಎರಡು ಗಂಡುಮಕ್ಕಳಾದವು, ಎರಡೂ ಗಟ್ಟಿಯಾಗಿ ಬೆಳೆದವು. ಅವಳಿಗೆ ಸಿಟ್ಟು ಇಳಿಯಿತು; ಮಾವನವರಿಗೆ ಮಾಳಿಗೆಯಿಂದ ಒಬ್ಬಟ್ಟು ಕಳಿಸುವಷ್ಟು ಇಳಿಯಿತು. ಗುರುಲಿಂಗಮ್ಮನಿಗೆ ಇಳಿಯಲಿಲ್ಲ. ಹಬ್ಬಕ್ಕೆ ಮಗಳ ಮನೆಗೆ ಬಂದರೆ ಅಂಗಡಿಯ ಮುಂದಿನಿಂದ ಹಾಯದೆ, ಹಿಂದಿನ ಸಂದಿಯಿಂದ ಮಾಳಿಗೆ ಹತ್ತಿ, ಹಾಗೆಯೇ ಇಳಿದು ಹೋಗುತ್ತಿದ್ದಳು. ಸಾತಲಿಂಗಪ್ಪನವರೂ ಆಕೆ ಬಂದ ದಿನ ಗಾದಿ ಬಿಟ್ಟು ಏಳುತ್ತಿರಲಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಒಂದು ಮಾತಾಡಿದ್ದರೆ ಮುಗಿಯುತ್ತಿತ್ತು ಎಂದು ನೆಂಟರು ಹೇಳುತ್ತಿದ್ದರು. ಇಬ್ಬರೂ ಆಡಲಿಲ್ಲ.

1938ರಲ್ಲಿ ಸಾತಲಿಂಗಪ್ಪನವರು ಎರಡು ದಿನದ ಜ್ವರದಲ್ಲಿ ತೀರಿಕೊಂಡರು. ಗುರುಲಿಂಗಮ್ಮ ಹೋಗುವುದಿಲ್ಲವೆಂದೇ ಊರು ಎಣಿಸಿತ್ತು. ಸುದ್ದಿ ಬಂದ ಮರುಗಳಿಗೆ ಗಾಡಿ ಕಟ್ಟಲು ಹೇಳಿದಳು. ಮಣ್ಣು ಮಾಡಿ ಮುಗಿದ ಮರುದಿನ ಸೊಲ್ಲಾಪುರ ಮುಟ್ಟಿದರು. ಮನೆಯ ತುಂಬ ಜನ, ದೂರದೂರದಿಂದ ಬಂದ ವ್ಯಾಪಾರಿಗಳು, ಬೀಗರು. ಅವರಿಗೆಲ್ಲ ಊಟ ಹಾಕುವುದು ನಡೆದೇ ಇತ್ತು. ಸೋನಾಬಾಯಿ ಬರಿ ಹಣೆಯಲ್ಲಿ ಒಳಕೋಣೆಯ ಮೂಲೆಯಲ್ಲಿ ಕೂತಿದ್ದಳು. ಬಂದವರು ಎದುರು ಕೂತು ಅತ್ತು, ಎದ್ದು ಊಟಕ್ಕೆ ಹೋಗುತ್ತಿದ್ದರು. ಕಸ್ತೂರಿ ಅಡಿಗೆಯ ಗದ್ದಲದಲ್ಲಿದ್ದಳು.

ಗುರುಲಿಂಗಮ್ಮ ಸೋನಾಬಾಯಿಯ ಎದುರು ಕೂತಳು. ಅಳಲಿಲ್ಲ. ಆಕೆಯ ಕೈ ಹಿಡಿದು ನೋಡಿದಳು, ತುಟಿ ನೋಡಿದಳು. ಯಾವಾಗ ಉಂಡಿದ್ದೀರಿ ಎಂದು ಕೇಳಿದಳು. ಜನ ಇನ್ನೂ ಉಣ್ಣುತ್ತಿದ್ದಾರೆ, ಅವರದೆಲ್ಲ ಆಗಲಿ ಎಂದಳು ಸೋನಾಬಾಯಿ.

ಗುರುಲಿಂಗಮ್ಮ ಎದ್ದು ಅಡಿಗೆಮನೆಗೆ ಹೋಗಿ, ಪಂಕ್ತಿಗೆ ಒಯ್ಯುತ್ತಿದ್ದವರ ಕೈಯಿಂದ ತಟ್ಟೆ ಕಸಿದು, ಅನ್ನ, ಬೇಳೆ ಹಾಕಿ ತಂದಳು. ಸೋನಾಬಾಯಿಯ ಮುಂದಿಟ್ಟು, ಕಲಸಿ, ತುತ್ತು ಮಾಡಿದಳು. ಗಂಡ ಸತ್ತ ಮನೆಯಲ್ಲಿ ಹೆಂಡತಿ ಎಲ್ಲರಿಗಿಂತ ಮೊದಲು ಉಣ್ಣುವುದೆಂದರೇನು ಎಂದು ಹಿರಿಯ ಹೆಂಗಸೊಬ್ಬಳು ಅಂದಳು. ಗುರುಲಿಂಗಮ್ಮ ತಿರುಗಿ ಆಕೆಗೆ ಏನೋ ಅಂದದ್ದು ಹೊರಗೆ ಪಂಕ್ತಿಯಲ್ಲಿ ಕೂತ ಗಂಡಸರಿಗೂ ಕೇಳಿಸಿತು. ಸಾವಿನ ಮನೆಯಲ್ಲಿ ಹೀಗೆ ಕೂಗುವುದೇ ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಉಣ್ರಿ ಮೊದಲ,” ಅಂದಳು ಗುರುಲಿಂಗಮ್ಮ, ಇನ್ನೂ ಅದೇ ಸಿಟ್ಟಿನಲ್ಲಿ.

ಸೋನಾಬಾಯಿ ಬಾಯಿ ತೆರೆದಳು. ಮೊದಲ ತುತ್ತು ನುಂಗಲು ಕಷ್ಟವಾಯಿತು. ನೀರು ಕುಡಿದು, ಎರಡನೆಯದಕ್ಕೆ ತಾನೇ ಕೈ ಹಾಕಿದಳು. ತಟ್ಟೆ ಬರಿದಾಗುವ ತನಕ ಗುರುಲಿಂಗಮ್ಮ ಬಾಗಿಲಿಗೆ ಬೆನ್ನು ಕೊಟ್ಟು, ಯಾರನ್ನೂ ಒಳಗೆ ಬಿಡದೆ ಕೂತಿದ್ದಳು.